ಶಿವಶಂಕರನ ಜಂಟಿ

ಮೆಟ್ಟಿಲಿನ ತಿರುವಿಗೆ ಬಂದಾಗ ಚಾಪೆ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಮೇಲೆ ಹಿಡಿದವರು ಇಳಿಯಲಾರರು, ಕೆಳಗೆ ಹಿಡಿದವರು ಹಿಂದೆ ಸರಿಯಲಾರರು.

"ವಸಿ ಎತ್ತಿಡ್ಕಳ್ರಲಾ, ತಲೆ ಗ್ವಾಡೆಗೆ ತಗಲ್ತದೆ," ಎಂದು ಚಿಕ್ಕಮಾದು ಕೆಳಗಿನಿಂದ ಕೂಗಿದ.

"ಎತ್ತುದ್ರೆ ಕಾಲು ಸಿಕ್ಕಾಕತದೆ ಕಣಣ್ಣ."

"ಅಂಗಾರೆ ನೆಟ್ಟಗೆ ನಿಲ್ಲಿಸ್ಕಂಡೇ ಇಳ್ಸಿ. ಇನ್ನೇನ್ ಮಾಡದು."

ಹಾಗಾಗಿ ಶಿವಶಂಕರ ಆ ಮೆಟ್ಟಿಲನ್ನು ಕಡೆಯ ಸಲವೂ ನಿಂತುಕೊಂಡೇ ಇಳಿದ. ಇಬ್ಬರು ಕಂಕುಳಿಗೆ ಕೈ ಕೊಟ್ಟಿದ್ದರು. ಹುಣಸೂರು ಬಸ್‌ಸ್ಟಾಂಡಿನ ಹಿಂದಿನ ಬೀದಿಯಲ್ಲಿ ಓಡಾಡುವವರು ಯಾರಿಗೋ ಹುಷಾರಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡು ದಾಟಿಹೋದರು. ಟೀ ಅಂಗಡಿಯ ಬೆಂಚನ್ನು ಹೊರಗೆಳೆದು ಅದರ ಮೇಲೆ ಮಲಗಿಸಿದ ಮೇಲೆಯೇ ವಿಷಯ ಬೀದಿಗೆ ಗೊತ್ತಾದದ್ದು.

ಟೀ ಅಂಗಡಿ ಚಿಕ್ಕಮಾದುವಿನದು. ದಿನಾ ಬೆಳಿಗ್ಗೆ ಮಹಡಿಯ ಕೋಣೆಗೆ ಟೀ ಕೊಂಡೊಯ್ಯುವವನು ಅವನೇ. ಇವತ್ತು ಹೋದಾಗ ಶಿವಶಂಕರ ಏಳಲಿಲ್ಲ. ಪಕ್ಕದ ಬೀದಿಯ ಡಾಕ್ಟರು ಬಂದು, ರಾತ್ರಿಯೇ ಎದೆ ನಿಂತುಹೋಗಿದೆ ಎಂದರು. ವಯಸ್ಸು ಇನ್ನೂ ಐವತ್ತರ ಹತ್ತಿರ ಸುಳಿದಿರಲಿಲ್ಲ. ಹೆಂಡತಿ ಮಕ್ಕಳು ಎಂದು ಯಾರೂ ಇರಲಿಲ್ಲವಾದ್ದರಿಂದ ಯಾರಿಗೆ ಹೇಳಿ ಕಳಿಸಬೇಕು ಎಂಬುದೇ ಚಿಕ್ಕಮಾದುವಿಗೆ ಹೊಳೆಯಲಿಲ್ಲ. ಕಡೆಗೆ ಕಾವ್ಯಶ್ರೀಗೆ ಫೋನು ಮಾಡಿದ.

ಕಾವ್ಯಶ್ರೀ ಬೆಟ್ಟದಪುರದ ಹೊಗೆಸೊಪ್ಪಿನ ರೈತರ ಮಗಳು. ಐದು ವರ್ಷದಿಂದ ಬಸ್ಸಿನಲ್ಲಿ ಬಂದು ಶಿವಶಂಕರನ ಕೋಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದವಳು. ಅವಳು ಬಂದವಳೇ ಭೇರ್ಯದಲ್ಲಿದ್ದ ಅವನ ಅಣ್ಣ ಚಲುವರಾಜುವಿಗೆ ತಿಳಿಸಿದಳು. ಆಮೇಲೆ, ಬಿಲ್ಲು ಲೆಕ್ಕಕ್ಕೆ ಶಿವಶಂಕರ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತಿದ್ದ ಅಂಗಡಿಗಳಿಗೆ ತಿಳಿಸಿದಳು. ಆಮೇಲೆ ಮಾಡುವುದಕ್ಕೆ ಏನೂ ತೋಚದೆ ಕೋಣೆಯಲ್ಲಿ ತನ್ನ ಕುರ್ಚಿಯ ಮೇಲೆ ಕೂತಳು. ಕೆಳಗಿಳಿದು ಹೆಣದ ಪಕ್ಕ ಕೂರೋಣವೆಂದರೆ, ಯಾರು ಎಂದು ಕೇಳಿದವರಿಗೆ ಏನು ಹೇಳುವುದೆಂದು ಗೊತ್ತಾಗಲಿಲ್ಲ.

ಅಂಗಡಿಯವರು ಒಬ್ಬೊಬ್ಬರಾಗಿ ಬಂದರು. ಹುಣಸೂರಿನ ಗೊಬ್ಬರದ ಅಂಗಡಿಯ ವೀರಭದ್ರಸ್ವಾಮಿ ನಡೆದೇ ಬಂದರು. ಕೆ.ಆರ್. ನಗರದ ಅಕ್ಕಿ ಗಿರಣಿಯ ನಿಂಗಯ್ಯ ಜೀಪಿನಲ್ಲಿ ಬಂದರು. ಪಿರಿಯಾಪಟ್ಟಣದಲ್ಲಿ ಗಂಡ ತೀರಿದ ಮೇಲೆ ಬಿತ್ತನೆ ಬೀಜದ ಅಂಗಡಿ ನಡೆಸುತ್ತಿದ್ದ ಪುಟ್ಟಮಾದಮ್ಮ ಬಸ್ಸಿಳಿದು, ಬೆಂಚಿನ ಹತ್ತಿರ ಬಂದವರೇ ಗೊಳೋ ಎಂದು ಅತ್ತರು. ಆ ಬೀದಿಯಲ್ಲಿ ಅವತ್ತು ಬಾಯಿಬಿಟ್ಟು ಅತ್ತವರು ಅವರೊಬ್ಬರೇ. ಹಾರ ಹಾಕಿ, ಕೈಮುಗಿದು, ಮೂವರೂ ಮೇಲಕ್ಕೆ ಹತ್ತಿದರು.

ಇಷ್ಟು ವರ್ಷದಲ್ಲಿ ಅವರಲ್ಲಿ ಯಾರೂ ಆ ಕೋಣೆಯನ್ನು ನೋಡಿರಲಿಲ್ಲ. ಶಿವಶಂಕರನೇ ಎಲ್ಲರ ಅಂಗಡಿಗೂ ಹೋಗುತ್ತಿದ್ದನಲ್ಲ, ಅವರು ಬರುವ ಅಗತ್ಯವೇ ಬಿದ್ದಿರಲಿಲ್ಲ. ಗೋಡೆಯ ಮೇಲೆ ಅದೇ ವರ್ಷದ ಕ್ಯಾಲೆಂಡರುಗಳು ಸಾಲಾಗಿ ತೂಗುತ್ತಿದ್ದವು, ಒಂದೊಂದು ಅಂಗಡಿಯದು ಒಂದೊಂದು. ಕೊಟ್ಟವರ ಮನಸ್ಸು ನೋಯಬಾರದೆಂದು ಎಲ್ಲವನ್ನೂ ತಗುಲಿಹಾಕಿದ್ದ. ಬಂದವರ ಕಣ್ಣು ಮೊದಲು ತಮ್ಮ ತಮ್ಮ ಕ್ಯಾಲೆಂಡರನ್ನು ಹುಡುಕಿತು, ಸಿಕ್ಕಮೇಲೆ ಪಕ್ಕದ್ದನ್ನು ನೋಡಿತು.

"ನಮ್ಮ ಅಂಗಡಿಗೆ ಮನೆಮಗ ಇದ್ದಂಗಿದ್ದ," ಎಂದರು ವೀರಭದ್ರಸ್ವಾಮಿ.

"ನಿಮ್ಮ ಅಂಗಡೀಗಾ?" ನಿಂಗಯ್ಯ ತಿರುಗಿದರು. "ನಮ್ಮ ಮಿಲ್ಲಲ್ಲಿ ಅವನದೇ ಒಂದ್ ಕುರ್ಚಿ ಇತ್ತು ಕಣ್ರೀ. ಇನ್ಯಾರೂ ಕೂರಂಗಿಲ್ಲ ಅದ್ರಲ್ಲಿ."

ಪುಟ್ಟಮಾದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಇಬ್ಬರನ್ನೂ ನೋಡಿದರು. "ನಾನು ನಮ್ಮ ಅಂಗ್ಡಿ ಮ್ಯಾಲೇ ಅವನಿಗೆ ಜಾಸ್ತಿ ಪ್ರೀತಿ ಅಂತ ತಿಳ್ಕಂಡಿದ್ನಲ್ಲಪ್ಪ," ಎಂದರು.

ಆಮೇಲೆ ವೀರಭದ್ರಸ್ವಾಮಿ ದನಿ ತಗ್ಗಿಸಿ ಕಾವ್ಯಶ್ರೀಯ ಕಡೆ ಬಾಗಿದರು. "ಅಲ್ಲಮ್ಮ, ಈ ಒತ್ನಲ್ಲಿ ಕೇಳಬಾರ್ದು. ಏಪ್ರಿಲ್ಲಿಂದ ವ್ಯಾಟ್ ಬತ್ತಾ ಅದೆ. ಬಿಲ್ಲೆಲ್ಲಾ ಬದಲಾಗ್ಬೇಕು. ಅದ ಮುಗ್ಸಿದ್ನಾ?"

ಅವರು ಕೇಳಬಾರದು ಎಂದದ್ದನ್ನೇ ಇನ್ನಿಬ್ಬರೂ ಕೇಳಬೇಕೆಂದು ಕಾದಿದ್ದರು. ತಿಂಗಳು ಮುಗಿಯಲು ನಾಲ್ಕಾರು ದಿನ ಉಳಿದಿತ್ತು. ಹೊಸ ತೆರಿಗೆ ಬಂದರೆ ಹಳೆಯ ಬಿಲ್ಲಿನಲ್ಲಿ ಒಂದು ಮೂಟೆ ಗೊಬ್ಬರ ಮಾರುವ ಹಾಗಿಲ್ಲ.

"ಮುಗ್ಸವ್ರೆ," ಎಂದಳು ಕಾವ್ಯಶ್ರೀ. "ಎಲ್ಲಾ ಜಂಟೀಲಿ ಹಾಕವ್ರೆ. ಈ ವಾರ ನಿಮ್ಮೆಲ್ರ ಅಂಗಡಿಗೂ ಬರೋರಿದ್ರು."

"ಯಾವ ಜಂಟಿ?" ಎಂದರು ನಿಂಗಯ್ಯ.

*

ಒಂಬತ್ತು ವರ್ಷದ ಹಿಂದೆ, ಜಂಟಿ ಹುಟ್ಟಿದ್ದು ಒಂದು ಬೈಗುಳದಿಂದ.

ಶಿವಶಂಕರ ಮೊದಲು ಪ್ರೋಗ್ರಾಂ ಬರೆದದ್ದು ವೀರಭದ್ರಸ್ವಾಮಿಯವರಿಗೆ. ಅದೇ ಸಾಲುಗಳನ್ನು ನಕಲು ಮಾಡಿ, ಅಲ್ಲಿ ಇಲ್ಲಿ ತಿದ್ದಿ ನಿಂಗಯ್ಯನವರ ಗಿರಣಿಗೆ ಕೊಟ್ಟ. ಅದನ್ನೇ ಮತ್ತೆ ನಕಲು ಮಾಡಿ ಪುಟ್ಟಮಾದಮ್ಮನ ಅಂಗಡಿಗೆ, ಆಮೇಲೆ ಎಚ್.ಡಿ. ಕೋಟೆಯ ಶುಂಠಿ ವ್ಯಾಪಾರಿಗೆ. ಆ ಕಾಲಕ್ಕೆ ಎಲ್ಲರೂ ಮಾಡುತ್ತಿದ್ದದ್ದೇ ಅದು. ಮೂಟೆ ತೂಗಿದ ಮೇಲೆ ಚೀಲದ ತೂಕ ಕಳೆಯುವ ಲೆಕ್ಕವೂ ಹಾಗೆಯೇ ಊರಿಂದೂರಿಗೆ ನಕಲಾಗಿ ಹೋಯಿತು. ಗೋಣಿಚೀಲ ಹೋಗಿ ಹಗುರದ ಪ್ಲಾಸ್ಟಿಕ್ ಚೀಲ ಬಂದಾಗ ಶಿವಶಂಕರ ಗಿರಣಿಯಲ್ಲಿ ಲೆಕ್ಕ ಸರಿಮಾಡಿದ. ಪಿರಿಯಾಪಟ್ಟಣದಲ್ಲಿ ಮಾಡಬೇಕೆಂಬುದು ಮರೆತೇ ಹೋಯಿತು.

ಪುಟ್ಟಮಾದಮ್ಮನಿಗೆ ಬೀಜದ ಜೋಳ ತಂದುಕೊಟ್ಟ ರೈತನೊಬ್ಬ ಬೇರೆ ಕಡೆ ತೂಕ ಮಾಡಿಸಿ, ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಯ ಮುಂದೆ ಬಂದು ನಿಂತ. ಚೀಲ ಪ್ಲಾಸ್ಟಿಕ್ಕಿನದು, ಕಳೆದದ್ದು ಗೋಣಿಯ ತೂಕ. ಗಂಡ ಸತ್ತ ಮೇಲೆ ಮೊದಲ ಸಲ ತೂಕದಲ್ಲಿ ಮೋಸ ಎಂಬ ಮಾತು ಕೇಳಿದ ಪುಟ್ಟಮಾದಮ್ಮ ರೈತರಿಗೆ ಕೈಮುಗಿದು ಕಳಿಸಿ, ಶಿವಶಂಕರನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಗಿರಣೀಲಿ ಸರಿ ಮಾಡ್ದೆ ಅಂತ ನೀನೇ ಏಳ್ತಿದೀಯ. ಅಲ್ಲಿ ಮಾಡ್ದೋನಿಗೆ ಇಲ್ಲೂ ಮಾಡ್ಬೇಕು ಅಂತ ತಿಳೀನಿಲ್ವಾ? ನಾವೇನು ಸವತಿ ಮಕ್ಕಳಾ?"

ಶಿವಶಂಕರ ವಾಪಸು ಬಂದು ಎಲ್ಲ ಅಂಗಡಿಯ ಪ್ರೋಗ್ರಾಮುಗಳನ್ನೂ ಉದ್ದುದ್ದ ಕಾಗದದಲ್ಲಿ ಮುದ್ರಿಸಿ, ಕೋಣೆಯ ತುಂಬ ಹಾಸಿ, ಮೊಣಕಾಲೂರಿ ಓದತೊಡಗಿದ. ಒಂದೇ ಕೆಲಸ ಊರಿಗೊಂದು ವೇಷ ಹಾಕಿಕೊಂಡು ಕೂತಿತ್ತು. ತಾರೀಖು ತಿರುಗಿಸುವುದು, ಚೀಲದ ತೂಕ ಕಳೆಯುವುದು, ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು, ಪುಟ ಮುಗಿದಾಗ ಹೊಸ ಪುಟಕ್ಕೆ ಹೋಗುವುದು. ಎಲ್ಲರಿಗೂ ಬೇಕಾದ್ದನ್ನು ಒಂದೊಂದಾಗಿ ಬಿಡಿಸಿ ತೆಗೆದು ಒಂದೇ ಕಡತಕ್ಕೆ ಸೇರಿಸಿದ. ಅಂಗಡಿಯಲ್ಲಿ ಆಯಾ ಅಂಗಡಿಯದು ಮಾತ್ರ ಉಳಿಯಿತು. ಉಳಿದದ್ದಕ್ಕೆಲ್ಲ ಅಂಗಡಿಯ ಪ್ರೋಗ್ರಾಂ ಆ ಕಡತವನ್ನು ಕರೆದು ಕೇಳುತ್ತಿತ್ತು. ಒಂದು ಕಡೆ ಸರಿಮಾಡಿ ಅದೇ ಕಡತವನ್ನು ಎಲ್ಲೆಡೆ ಹಾಕಿಬಂದರೆ ಎಲ್ಲ ಊರಲ್ಲೂ ಸರಿ. ಇಂಥದ್ದನ್ನು ಓದಿದವರು ಲೈಬ್ರರಿ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಚಿಕ್ಕಮಾದು, ಪೇಪರು ಓದಬೇಕೆಂದು ಬಂದ ಒಂದಿಬ್ಬರು ಮುದುಕರನ್ನು ಮೇಲಕ್ಕೆ ಹತ್ತಿಸಿಯೂ ಇದ್ದ. ಶಿವಶಂಕರ ಮಾತ್ರ ಕಡತಕ್ಕೆ ಜಂಟಿ ಎಂದು ಹೆಸರಿಟ್ಟ.

ಅದರಲ್ಲಿ ಹೊಸದಾಗಿ ಏನು ಸೇರಿಸಬೇಕಾದರೂ ಅವನಿಗೆ ವಾರಗಟ್ಟಲೆ ಬೇಕಾಗುತ್ತಿತ್ತು. ಕಾವ್ಯಶ್ರೀ ಕೆಲಸಕ್ಕೆ ಸೇರಿದ ಹೊಸತರಲ್ಲಿ ವೀರಭದ್ರಸ್ವಾಮಿಯವರು ಏನೋ ಅವಸರ ಮಾಡಿದರೆಂದು, 'ಹುಣಸೂರಾದರೆ ಹೀಗೆ' ಎಂಬ ಒಂದು ಸಾಲನ್ನು ಜಂಟಿಯೊಳಗೇ ಬರೆದುಬಿಟ್ಟಿದ್ದಳು. ಶಿವಶಂಕರ ಗದರುವ ಪೈಕಿಯಲ್ಲ. ಟೀ ತರುವ ಚಿಕ್ಕಮಾದುವಿಗೂ ಬಹುವಚನ ಹಚ್ಚುವ ಮನುಷ್ಯ. ಕುರ್ಚಿ ಎಳೆದುಕೊಂಡು ಪಕ್ಕ ಕೂತು ಆ ಸಾಲನ್ನು ಅಳಿಸಿದ.

"ನೋಡಿ ಕಾವ್ಯಶ್ರೀ, ಇದರೊಳಗೆ ಒಬ್ಬರ ಹೆಸರು ಬಂತು ಅಂದ್ರೆ ಆಮೇಲೆ ಇದು ಜಂಟಿ ಅಲ್ಲ. ಅವರದೇ ಆಗೋಯ್ತದೆ," ಎಂದ.

"ನಿಮ್ಮ ಹೆಸರಾದ್ರೂ ಹಾಕಿ ಸರ್, ಬರ್ದೋರು ನೀವಲ್ವಾ?"

"ನಂದೂ ಬ್ಯಾಡ," ಎಂದು ನಕ್ಕಿದ್ದ.

*

ಚಲುವರಾಜು ಭೇರ್ಯದಿಂದ ಟೆಂಪೋ ಮಾಡಿಕೊಂಡು ಬಂದಾಗ ಬಿಸಿಲು ಏರಿತ್ತು. ಜೊತೆಗೆ ಊರಿನವರು ಇಬ್ಬರಿದ್ದರು. ಅವನು ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದ, ಹಣೆಯ ಮೇಲೆ ಕೈಯಿಟ್ಟ, ತಕ್ಷಣ ತೆಗೆದ. ಹದಿನೈದು ವರ್ಷದಲ್ಲಿ ಇಬ್ಬರೂ ಎದುರಾದದ್ದು ಅಪ್ಪ ಸಣ್ಣಬೀರಯ್ಯನ ಮಣ್ಣಿನ ದಿನ ಒಂದೇ ಸಲ. ಅಳು ಬರಲಿಲ್ಲ, ಬರಲಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಮೇಲೆ ಹತ್ತಿ ಬರುವಷ್ಟರಲ್ಲಿ ಕೋಣೆಯಲ್ಲಿ ದನಿಗಳು ಏರಿದ್ದವು. ಮೂವರಿಗೂ ಈಗ ವಿಷಯ ತಿಳಿದಿತ್ತು. ತಮ್ಮದು ಎಂದುಕೊಂಡದ್ದು ತಮ್ಮೊಬ್ಬರದಲ್ಲ. ಎಚ್.ಡಿ. ಕೋಟೆಯ ವ್ಯಾಪಾರಿಯಂತೂ ಮುಖ ನೋಡುವುದಕ್ಕೂ ಬರದೆ ಫೋನಿನಲ್ಲೇ ತನ್ನದನ್ನು ತೆಗೆದಿಡಬೇಕೆಂದು ಹೇಳಿ ಮುಗಿಸಿದ್ದ.

"ಬನ್ನಿ ಚಲುವರಾಜು," ಎಂದರು ವೀರಭದ್ರಸ್ವಾಮಿ. "ನಿಮ್ಮ ತಮ್ಮನ ಸ್ವತ್ತು ಇನ್ನ ನಿಮ್ದು. ನೀವೇ ಒಂದ್ ಮಾತು ಏಳ್ಬುಡಿ. ನಮ್ದು ನಮಗೆ ಕೊಟ್ರೆ ಸಾಕು. ಮೈಸೂರಿಂದ ಒಬ್ಬ ಉಡುಗನ್ನ ಕರ್ಸಿ ಮುಂದಕ್ಕೆ ಮಾಡುಸ್ಕತೀನಿ."

"ನಮ್ದೂ ಅಂಗೇ," ಎಂದರು ನಿಂಗಯ್ಯ.

ಚಲುವರಾಜು ಕಂಪ್ಯೂಟರನ್ನೂ ಕಾವ್ಯಶ್ರೀಯನ್ನೂ ನೋಡಿದ. "ಏನವ್ವ ಅದು? ಕೊಟ್ರೆ ಆಯ್ತದಾ?"

ಕಾವ್ಯಶ್ರೀ ಎದ್ದು ನಿಂತಳು. ಬೆಳಗ್ಗೆಯಿಂದ ಅವಳು ಯೋಚಿಸುತ್ತಿದ್ದದ್ದು ಇದೊಂದನ್ನೇ. "ಅಣ್ಣ, ಪ್ರತಿ ಅಂಗಡಿದೂ ಅರ್ಧ ಅವರದು, ಅರ್ಧ ಎಲ್ರುದೂ. ಆ ಎಲ್ರುದನ್ನ ಸರ್ ಹತ್ತಿರತ್ತಿರ ಹತ್ತು ವರ್ಷ ಕೂತು ಒಂದು ಮಾಡವ್ರೆ. ಈಗ ಒಡೆದು ಒಬ್ಬೊಬ್ರಿಗೆ ತುಂಬಿಕೊಟ್ರೆ ಆಮೇಲೆ ಯಾರದ್ದೂ ಯಾರಿಗೂ ತಾಳೆ ಆಗಲ್ಲ. ಅವರು ಮಾಡಿದ್ದು ಅಂತ ಉಳ್ಯದೇ ಇಲ್ಲ. ಅದನ್ನ ಒಡೀಬ್ಯಾಡಿ. ನನ್ ಕೈಗೆ ಬುಡಿ, ನಾನು ಬಸ್ಸಲ್ಲಿ ಓಡಾಡ್ಕಂಡು ಎಲ್ರುಗೂ ಮಾಡಿಕೊಡ್ತೀನಿ. ಈ ವಾರವೇ ವ್ಯಾಟ್ ಹಾಕ್ಕೊಡ್ತೀನಿ."

"ನೀನು ನಾಳೆ ಮದ್ವೆ ಆಗಿ ಒಂಟೋದ್ರೆ?" ಎಂದರು ವೀರಭದ್ರಸ್ವಾಮಿ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. "ಮತ್ತೆ ಇನ್ನೊಬ್ರ ಬಾಗ್ಲು ಕಾಯದಾ? ಅದೂ ಅಲ್ದೆ, ಪಿರಿಯಾಪಟ್ಟಣದೋರ ಲೆಕ್ಕ ನಮ್ಮ ಲೆಕ್ಕ ಒಂದ್ರಲ್ಲೇ ಇರದು ನಂಗೆ ಸರಿ ಕಾಣಕಿಲ್ಲ."

"ನಿಮ್ ಲೆಕ್ಕ ಯಾರಿಗೆ ಬೇಕು, ಇಟ್ಕಳಿ," ಎಂದು ಪುಟ್ಟಮಾದಮ್ಮ ಮುಖ ಸಿಂಡರಿಸಿದರು. ಅವರೂ ತಮ್ಮದನ್ನು ಬೇರೆ ಮಾಡಿಕೊಡಬೇಡ ಎನ್ನಲಿಲ್ಲ.

"ಲೆಕ್ಕ ಯಾರದೂ ಅದರಲ್ಲಿಲ್ಲ ಅಣ್ಣ," ಎಂದು ಕಾವ್ಯಶ್ರೀ ಚಲುವರಾಜುವಿನ ಕಡೆ ತಿರುಗಿದಳು. "ಲೆಕ್ಕ ಮಾಡೋ ರೀತಿ ಅಷ್ಟೇ ಇರದು. ಅದು ಜಂಟಿ. ಸರ್ ಅದಕ್ಕಿಟ್ಟ ಹೆಸ್ರೇ ಜಂಟಿ."

ಚಲುವರಾಜು ಆ ಮಾತಿಗೆ ತಲೆಯೆತ್ತಿದ. ಹೊಡೆದರೆ ಹೇಗೋ ಹಾಗೆ ಅವನ ಮುಖ ಬಿಗಿಯಿತು.

"ಜಂಟಿ ಗಿಂಟಿ ಬ್ಯಾಡ ಕಣವ್ವ," ಎಂದ. "ಜಂಟಿ ಅಂತ ಮಡಗಿದ್ದೆಲ್ಲಾ ಕಡೀಗೆ ಜಗಳಕ್ಕೇಯ. ಎಣ ಕೆಳಗೆ ಮಲಗ್ಯದೆ, ಮೇಲೆ ಕೂತ್ಕಂಡು ನಾವು ತಕರಾರು ಮಾಡದಾ? ಅವರವರ್ದು ಅವರವರ್ಗೆ ಕೊಟ್ಬುಡು. ಇಲ್ಲೇನೂ ಉಳಿಸ್ಬ್ಯಾಡ. ನಾಳಿಕೆ ಯಾರೂ ಬಂದು ನನ್ನ ಕೇಳ್ಬಾರ್ದು."

*

ಊರಿನ ಕಣದ ಕತೆಯನ್ನು ಶಿವಶಂಕರ ಕಾವ್ಯಶ್ರೀಗೆ ಒಂದೇ ಸಲ ಹೇಳಿದ್ದ, ಅದೂ ತಾನಾಗಿ ಅಲ್ಲ. ಕಡತಕ್ಕೆ ಇಂಥ ಹೆಸರೇಕೆ ಎಂದು ಅವಳು ಬಸ್ಸಿನಲ್ಲಿ ಕೇಳಿದ್ದಕ್ಕೆ.

ಅಣ್ಣತಮ್ಮಂದಿರು ಪಾಲಾದಾಗ ಗದ್ದೆ, ಹೊಲ, ಹಟ್ಟಿ ಎಲ್ಲವೂ ಸರಾಗವಾಗಿ ಹಂಚಿಕೆಯಾದವು. ಶಿವಶಂಕರ ಯಾವುದಕ್ಕೂ ಎದುರಾಡಲಿಲ್ಲ. ಒಕ್ಕುವ ಕಣ ಒಂದನ್ನು ಮಾತ್ರ ಜಂಟಿಯಾಗಿ ಬಿಡೋಣ ಅಣ್ಣ ಎಂದ. ಅಪ್ಪ ಚಿಕ್ಕಪ್ಪಂದಿರು ಬೇರೆಯಾದಾಗಲೂ ಅದು ಜಂಟಿಯಾಗಿಯೇ ಇತ್ತು. ಸರದಿಯ ಮೇಲೆ ಎಲ್ಲರೂ ಒಕ್ಕುತ್ತಿದ್ದರು. ಚಲುವರಾಜು ಒಪ್ಪಲಿಲ್ಲ. ಸರದಿ ಎಂದರೆ ಮುಂದೆ ಹೆಂಗಸರ ಜಗಳ, ಮಕ್ಕಳ ಜಗಳ ಎಂದ. ಪಂಚಾಯ್ತಿಯವರೂ ಹೂಂ ಎಂದರು. ಕಣದ ನಡುವೆ ಸುಣ್ಣದ ಗೆರೆ ಎಳೆದರು.

"ಆಮೇಲೆ?" ಎಂದಿದ್ದಳು ಕಾವ್ಯಶ್ರೀ.

"ಆಮೇಲೇನು. ಅರ್ಧ ಕಣದಲ್ಲಿ ಎತ್ತು ತಿರುಗಲ್ಲ. ಅವನಿಗೂ ತಿರುಗ್ಲಿಲ್ಲ, ನಂಗೂ ತಿರುಗ್ಲಿಲ್ಲ. ಎರಡು ವರ್ಷ ಇಬ್ರೂ ರಾಗೀನ ತಾರು ರಸ್ತೆ ಮೇಲೆ ಹಾಸಿದ್ವಿ, ಬಸ್ಸು ತುಳೀಲಿ ಅಂತ."

ಕಿಟಕಿಯಾಚೆ ನೋಡುತ್ತಾ ಇಷ್ಟನ್ನು ಹೇಳಿದ. ಊರು ಬಿಟ್ಟದ್ದು ಅದಕ್ಕೇ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಕೋಣೆಯಲ್ಲಿ ಅವನು ಒಬ್ಬನೇ ರೇಡಿಯೋ ಹಾಕಿಕೊಂಡು ಉಣ್ಣುವುದನ್ನು ಯೋಚಿಸಿ ಅವತ್ತು ಅವಳಿಗೆ ಸಂಕಟವಾಗಿತ್ತು.

*

ಕಾವ್ಯಶ್ರೀ ಕಂಪ್ಯೂಟರ್ ಮುಂದೆ ಕೂತಳು. ಹೇಳುವುದಕ್ಕೆ ಅವಳಿಗೆ ಯಾವ ಹಕ್ಕೂ ಇರಲಿಲ್ಲ. ರಕ್ತ ಹಂಚಿಕೊಂಡವಳಲ್ಲ, ತಾಳಿ ಕಟ್ಟಿಸಿಕೊಂಡವಳಲ್ಲ. ಕೆಲಸಕ್ಕಿದ್ದ ಹುಡುಗಿ.

ಒಡೆಯುವುದು ಕಷ್ಟದ ಕೆಲಸವೇನಲ್ಲ, ಬರೀ ಹೊತ್ತು ತಿನ್ನುವ ಕೆಲಸ. ಶಿವಶಂಕರ ಆರಿಸಿ ಆರಿಸಿ ಹೊರಗೆ ತೆಗೆದದ್ದನ್ನು ಒಂದೊಂದು ಅಂಗಡಿಯ ಪ್ರೋಗ್ರಾಮಿನೊಳಕ್ಕೂ ವಾಪಸು ತುಂಬಬೇಕು, ಅದು ಇನ್ನು ಜಂಟಿಯನ್ನು ಕರೆಯದ ಹಾಗೆ ಮಾಡಬೇಕು, ಬಿಲ್ಲು ಬರುತ್ತದೆಯೇ ನೋಡಬೇಕು, ಫ್ಲಾಪಿಗೆ ಹಾಕಬೇಕು. ಚೀಲದ ತೂಕದ ಲೆಕ್ಕ ಹುಣಸೂರಿಗೆ ಹೋಯಿತು. ಅದೇ ಲೆಕ್ಕ ಕೆ.ಆರ್. ನಗರಕ್ಕೆ ಹೋಯಿತು. ನಿಂಗಯ್ಯ ಹಿಂದೆ ನಿಂತು ಪರದೆಯನ್ನು ನೋಡುತ್ತಾ, ಇದು ನಮ್ಮದಾ, ಇದು ನಮ್ಮದಾ ಎಂದು ಕೇಳುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು.

ನಡುವೆ ಕರೆಂಟು ಹೋಯಿತು. ಮಧ್ಯಾಹ್ನ ಹೋದರೆ ಎರಡು ಗಂಟೆ ಬರುವುದಿಲ್ಲವೆಂದು ಆ ಬೀದಿಗೆಲ್ಲ ಗೊತ್ತು.

ಚಲುವರಾಜು ಮೆಟ್ಟಿಲ ಹತ್ತಿರ ಬಂದು ನಿಂತ. "ನಾವು ಒರಡ್ತೀವಿ ಕಣವ್ವ. ಒತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಗುಣಿ ತೋಡಾಯ್ತಂತೆ, ಕಾಯ್ತಾವ್ರೆ."

"ನಾನೂ ಬತ್ತೀನಿ ಅಣ್ಣ," ಎಂದು ಅವಳು ಎದ್ದಳು.

"ಅಯ್ಯೋ, ನೀ ಒಂಟೋದ್ರೆ ನಮ್ ಗತಿ?" ಎಂದರು ವೀರಭದ್ರಸ್ವಾಮಿ. "ಅಲ್ಲಿಂದ ನೀನು ವಾಪಸ್ ಬರದು ಯಾವಾಗ? ಕೋಣೆ ಬೀಗ ಓನರ್ ಕೈಗೆ ಓಯ್ತದೆ ಇವತ್ತು."

ಕಾವ್ಯಶ್ರೀ ಚಲುವರಾಜುವಿನ ಮುಖ ನೋಡಿದಳು. ಬಾ ಎಂದು ಅವನು ಒಂದು ಮಾತು ಅಂದಿದ್ದರೆ ಅವಳು ಯಾರನ್ನೂ ಲೆಕ್ಕಿಸುತ್ತಿರಲಿಲ್ಲ. "ಮುಗಿಸ್ಕಂಡು ಬಾ," ಎಂದು ಅವನು ಇಳಿದು ಹೋದ.

"ನೀವು ಬರಾಕಿಲ್ವಾ ಸಾವ್ಕಾರ್ರೆ?" ಎಂದು ಚಿಕ್ಕಮಾದು ಕೆಳಗಿನಿಂದ ಕೇಳಿದ್ದು ಅವಳಿಗೆ ಕೇಳಿಸಿತು. ಅಂಗಡಿ ಬಾಗಿಲು ತೆಗೆದು ಬಂದಿದ್ದೇನೆ ಎಂದು ಒಬ್ಬರು, ಲಾರಿ ಬರುವುದಿದೆ ಎಂದು ಇನ್ನೊಬ್ಬರು. ಪುಟ್ಟಮಾದಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ಟೆಂಪೋ ತಿರುಗುವುದನ್ನು ನೋಡಿ ಮತ್ತೊಮ್ಮೆ ಅತ್ತರು, ಬಂದು ಕೂತರು. ಚಿಕ್ಕಮಾದು ಟೀ ಅಂಗಡಿಗೆ ಬಾಗಿಲೆಳೆದು ಟೆಂಪೋ ಹತ್ತಿಕೊಂಡ.

ಕರೆಂಟು ಬಂದ ಮೇಲೆ ಅವಳು ಉಳಿದದ್ದನ್ನು, ಕೋಟೆಯ ವ್ಯಾಪಾರಿಯದನ್ನೂ ಸೇರಿಸಿ, ಮಾಡಿದಳು. ಒಬ್ಬೊಬ್ಬರೂ ತಮ್ಮ ಫ್ಲಾಪಿಯನ್ನು ಜೇಬಿಗೆ, ಬ್ಯಾಗಿಗೆ ಹಾಕಿಕೊಂಡರು. ಪುಟ್ಟಮಾದಮ್ಮ ಅವಳ ತಲೆ ಸವರಿ, "ಉಂಡಿಲ್ಲ ನೀನು, ಏನಾರ ತಿನ್ನವ್ವ," ಎಂದರು. ವೀರಭದ್ರಸ್ವಾಮಿ ಎಲ್ಲರೂ ಇಳಿಯುವ ತನಕ ನಿಂತಿದ್ದು, "ಅದೊಂದು ಉಳೀತಲ್ಲಮ್ಮ, ಆ ಜಂಟಿ," ಎಂದರು.

ಮುಚ್ಚಿಟ್ಟುಕೊಳ್ಳಬಹುದಿತ್ತು. ಕೈಚೀಲದಲ್ಲಿ ಒಂದು ಖಾಲಿ ಫ್ಲಾಪಿ ಇತ್ತು, ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಅವಳ ಚೀಲದಲ್ಲಿ ಕೂತ ಜಂಟಿಯನ್ನು ಇನ್ನು ಯಾವ ಅಂಗಡಿಯೂ ಕರೆಯುವುದಿಲ್ಲ. ಅದು ಅವಳೊಬ್ಬಳದೇ ಆಗುತ್ತದೆ, ಶಿವಶಂಕರ ಬೇಡವೆಂದದ್ದೇ ಆಗುತ್ತದೆ. ಅಳಿಸಲೇ ಎಂದು ಪರದೆ ಕೇಳಿತು. ಅವಳು ಹೌದು ಎಂದು ಒತ್ತಿದಳು. ಒತ್ತಿದ ಮೇಲೆ ಅ ಆ ಕಲಿಯುವ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ವೀರಭದ್ರಸ್ವಾಮಿ ಗಾಬರಿಯಾಗಿ, ನೀರು ತರಿಸಲಾ ಎಂದರು.

*

ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ಅವಳು ಭೇರ್ಯದಲ್ಲಿ ಇಳಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಎದುರಿನ ಬಸ್ಸಿಗೆ ಕಾಯುತ್ತಿದ್ದ ಚಿಕ್ಕಮಾದು ಅವಳನ್ನು ನೋಡಿ ಹೊಲದ ದಾರಿಯತ್ತ ಕೈ ತೋರಿಸಿದ. ಅವನ ಪಂಚೆಯ ಅಂಚಿಗೆ ಒದ್ದೆ ಮಣ್ಣು ಹತ್ತಿತ್ತು.

ಕುಯ್ದ ಗದ್ದೆಗಳ ನಡುವೆ ನಡೆದು ಹೋದಳು. ಮಣ್ಣಿಗೆ ಬಂದವರೆಲ್ಲ ಸ್ನಾನಕ್ಕೆ ಹೊರಟುಹೋಗಿದ್ದರು. ಹೊಂಗೆ ಮರದ ಕೆಳಗೆ ಅಪ್ಪ ಅಮ್ಮನ ಸಮಾಧಿಗಳ ಪಕ್ಕದಲ್ಲಿ ಹೊಸ ಮಣ್ಣಿನ ದಿಬ್ಬ. ನಾಯಿ ನರಿ ಕೆದಕದ ಹಾಗೆ ಅದರ ತುಂಬ ಜಾಲಿ ಮುಳ್ಳು ಹೇರಿದ್ದರು. ಚಲುವರಾಜು ಒಬ್ಬನೇ ಅಲ್ಲಿ ಕೂತಿದ್ದ. ಎಲ್ಲರೂ ಕರೆದರೂ ಎದ್ದು ಹೋಗಿರಲಿಲ್ಲ.

"ಬಂದ್ಯಾ," ಎಂದ.

"ಬಂದೆ ಅಣ್ಣ."

"ಎಲ್ರುಗೂ ಕೊಟ್ಟಾ?"

"ಕೊಟ್ಟೆ."

"ಇನ್ನ ಅಲ್ಲಿ ಏನೂ ಇಲ್ಲ?"

"ಏನೂ ಇಲ್ಲ. ಅಳಿಸ್ಬುಟ್ಟೆ."

ಚಲುವರಾಜು ತಲೆ ಆಡಿಸಿದ. ತುಂಬ ಹೊತ್ತು ಅಂಗೈಗೆ ಒಣಗಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೂತ.

"ಒಡೀಬ್ಯಾಡ ಅಂತ ಅವನೂ ಒಂದ್ ಸಲ ಕೇಳ್ದ," ಎಂದ. "ಇವತ್ತು ನೀನೂ ಕೇಳ್ದೆ."

ಅವಳಿಗೆ ಅವನ ಮೇಲೆ ಸಿಟ್ಟಿತ್ತು. ದಾರಿಯುದ್ದಕ್ಕೂ ಅವನಿಗೆ ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದಳು. ಈಗ ಅವನ್ನು ಬಿಟ್ಟು ದಿಬ್ಬದ ಸುತ್ತ ನಡೆದು ಮಣ್ಣು ಹುಡುಕಿದಳು. ತೋಡಿ ತೆಗೆದ ಮಣ್ಣನ್ನೆಲ್ಲ ಎಳೆದು ದಿಬ್ಬಕ್ಕೇ ಹಾಕಿ ಒಪ್ಪ ಮಾಡಿದ್ದರು. ಅವಳು ಗದ್ದೆಯ ಬದುವಿನಿಂದ ಒಂದು ಹಿಡಿ ಕಿತ್ತು ತಂದು, ಹಾಕುವುದಕ್ಕೆ ಮುಳ್ಳಿನ ನಡುವೆ ಸಂದಿ ನೋಡಿದಳು. ಸಂದಿ ಇರಲಿಲ್ಲ. ಮೇಲಿನಿಂದ ಹಾಕಿದರೆ ಮಣ್ಣು ಮುಳ್ಳಿಗೇ ಸಿಕ್ಕಿ ನಿಲ್ಲುತ್ತಿತ್ತು.

"ಇರು," ಎಂದು ಚಲುವರಾಜು ಎದ್ದ. ಕೋಲು, ಬಟ್ಟೆ ಏನನ್ನೂ ಹುಡುಕಲಿಲ್ಲ. ಬರಿಗೈಯಲ್ಲಿ ಜಾಲಿಯ ದಪ್ಪ ಕೊಂಬೆಯೊಂದನ್ನು ಹಿಡಿದು, ತಮ್ಮನ ತಲೆ ಇರುವ ಕಡೆಯಿಂದ, ತನ್ನ ಎದೆಯ ಮಟ್ಟಕ್ಕೆ ಎತ್ತಿದ.

ಅವಳು ಬಗ್ಗಿ ಒಂದು ಹಿಡಿ ಹಾಕಿದಳು. ಬದುವಿಗೆ ಹೋಗಿ ಬಂದು ಎರಡನೆಯದು ಹಾಕಿದಳು. ಮತ್ತೆ ಹೋಗಿ ಬಂದು ಮೂರನೆಯದು ಹಾಕಿ, ಹಿಂದಕ್ಕೆ ಸರಿದು ನಿಂತಳು. ಆಯ್ತು ಅಣ್ಣ ಎಂದಳು. ಚಲುವರಾಜು ಕೊಂಬೆಯನ್ನು ಇಳಿಸಲಿಲ್ಲ. ಇನ್ನೂ ಯಾರೋ ಬರುವುದಿದೆ ಎನ್ನುವ ಹಾಗೆ ಗದ್ದೆಯ ದಾರಿಯನ್ನು ನೋಡುತ್ತಾ, ಎರಡೂ ಕೈಯಲ್ಲಿ ಮುಳ್ಳನ್ನು ಎತ್ತಿ ಹಿಡಿದುಕೊಂಡು ನಿಂತೇ ಇದ್ದ.